ಡಾಲರ್ ಚಿಹ್ನೆ ಟೈಪ್ ಮಾಡಬೇಡಿ

ಠಾಣೆಯಿಂದ ವಾಶಿ ಕಡೆಗೆ ಹೊರಟ ಲೋಕಲ್ ರೈಲು ಘನ್ಸೋಲಿ ದಾಟಿದ ಮೇಲೆ ನಿಲ್ಲುವ ಊರು ಕೋಪರಖೈರಣೆ. ಕನ್ನಡದಲ್ಲಿ, ಮರಾಠಿಯಲ್ಲಿ ಈ ಹೆಸರನ್ನು ಸಾಮಾನ್ಯವಾಗಿ ಕೂಡಿಸಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವು ಕಡೆ ಒಂದೇ ಪದ, ಕೆಲವು ಕಡೆ ನಡುವೆ ಜಾಗ ಬಿಟ್ಟು ಎರಡು ಪದ. ಅಂಚೆಯವನಿಗಾಗಲಿ ರಿಕ್ಷಾದವನಿಗಾಗಲಿ ಇದರಿಂದ ತೊಂದರೆಯಿಲ್ಲ. ತೊಂದರೆ ಆಗುವುದು ಕಂಪ್ಯೂಟರಿನ ಕಮಾಂಡ್ ಲೈನಿಗೆ. ಹೊಸ ಫೋಲ್ಡರ್ ಮಾಡುವ ಕಮಾಂಡಿನ ಮುಂದೆ ಊರಿನ ಹೆಸರನ್ನು ಎರಡು ಪದವಾಗಿ ಬರೆದರೆ ಅದು ಎರಡು ಫೋಲ್ಡರ್ ಮಾಡಿಡುತ್ತದೆ, ಒಂದು 'ಕೋಪರ್', ಇನ್ನೊಂದು 'ಖೈರಣೆ'. ಒಂದೇ ಬೇಕೆಂದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಓದುಗನ ಕಣ್ಣಿಗೆ ಖಾಲಿ ಜಾಗವಾಗಿ ಕಾಣುವುದು ಯಂತ್ರಕ್ಕೆ ಒಂದು ಅಕ್ಷರ.

ಹಾಗಾಗಿ ಕಮಾಂಡ್ ಲೈನಿನ ಬಗ್ಗೆ ಬರೆಯುವವರ ಪಾಡು ಬೇರೆ ಲೇಖಕರ ಪಾಡಿನಂತಲ್ಲ. ಅಡುಗೆ ಪುಸ್ತಕದಲ್ಲಿ 'ಒಂದು ಚಮಚ ಜೀರಿಗೆ' ಎಂಬುದು ದಪ್ಪ ಅಕ್ಷರದಲ್ಲಿದ್ದರೂ ತೆಳು ಅಕ್ಷರದಲ್ಲಿದ್ದರೂ ಸಾರು ಒಂದೇ. ಸಾಫ್ಟ್‌ವೇರ್ ಕೈಪಿಡಿಯ ಪುಟದಲ್ಲಿ ಮೂರು ದನಿಗಳು ಒಟ್ಟಿಗೆ ಇರುತ್ತವೆ. ಒಂದು, ಲೇಖಕ ಓದುಗನಿಗೆ ಹೇಳುವ ಮಾತು. ಎರಡು, ಓದುಗ ಯಂತ್ರಕ್ಕೆ ಟೈಪ್ ಮಾಡಿ ಹೇಳಬೇಕಾದ ಮಾತು. ಮೂರು, ಯಂತ್ರ ತಿರುಗಿ ಹೇಳುವ ಮಾತು. ಇವುಗಳಲ್ಲಿ ಯಾವುದು ಯಾರದು ಎಂದು ತಿಳಿಯದಿದ್ದರೆ ಓದುಗ ಮಾಡಬಾರದ್ದನ್ನು ಮಾಡುತ್ತಾನೆ. ಕಳೆದ ಅರವತ್ತು ವರ್ಷಗಳಲ್ಲಿ ಕೈಪಿಡಿ ಬರೆದವರು ರೂಢಿಸಿದ ಗುರುತುಗಳೆಲ್ಲ ಈ ಮೂರು ದನಿಗಳನ್ನು ಬೇರ್ಪಡಿಸುವ ಪ್ರಯತ್ನಗಳೇ.

ಪ್ರಾಂಪ್ಟ್ ಎಂಬ ಗುರುತನ್ನೇ ನೋಡಿ. ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ 'ನಾನು ಸಿದ್ಧ, ಹೇಳಿ' ಎಂದು ಯಂತ್ರ ತೋರಿಸುವ ಚಿಹ್ನೆ ಸಾಮಾನ್ಯ ಬಳಕೆದಾರರಿಗೆ $, ಸರ್ವಾಧಿಕಾರವುಳ್ಳ ನಿರ್ವಾಹಕರಿಗೆ #. 1979ರಲ್ಲಿ ಏಳನೆಯ ಆವೃತ್ತಿಯ ಯುನಿಕ್ಸ್ ಜೊತೆ ಬಂದ ಬೋರ್ನ್ ಶೆಲ್ ಈ ಜೋಡಿಯನ್ನು ರೂಢಿಗೆ ತಂದಿತು. ಕೈಪಿಡಿಯಲ್ಲಿ ಉದಾಹರಣೆಯ ಸಾಲು $ ಚಿಹ್ನೆಯಿಂದ ಶುರುವಾದರೆ, ಮುಂದಿನದನ್ನು ನೀವು ಟೈಪ್ ಮಾಡಿ ಎಂದರ್ಥ. $ ಯಂತ್ರದ ಮಾತು. ಹೊಸಬರು ಅದನ್ನೂ ಸೇರಿಸಿ ನಕಲು ಮಾಡುತ್ತಾರೆ. ಆಗ ಶೆಲ್ $ ಎಂಬ ಹೆಸರಿನ ಪ್ರೋಗ್ರಾಮ್ ಹುಡುಕಿ, ಸಿಗಲಿಲ್ಲ ಎನ್ನುತ್ತದೆ. ಇದು ನಿರಪಾಯದ ತಪ್ಪು. # ಸೇರಿಸಿ ನಕಲು ಮಾಡಿದರೆ ಶೆಲ್ ಇಡೀ ಸಾಲನ್ನು ಟಿಪ್ಪಣಿ ಎಂದುಕೊಂಡು ಏನೂ ಮಾಡದೆ ಸುಮ್ಮನಾಗುತ್ತದೆ. ತಪ್ಪಿನ ಸಂದೇಶವೂ ಬರುವುದಿಲ್ಲ, ಓದುಗ ಕೆಲಸ ಆಯಿತೆಂದು ಮುಂದಕ್ಕೆ ಹೋಗುತ್ತಾನೆ. ಇನ್ನೊಂದು ಪ್ರಾಂಪ್ಟ್ ಉಂಟು. ಕಮಾಂಡ್ ಎರಡನೆಯ ಸಾಲಿಗೆ ಮುಂದುವರಿದಾಗ ಬರುವ > ಚಿಹ್ನೆ. ಅದೇ ಚಿಹ್ನೆಯನ್ನು ಓದುಗ ಟೈಪ್ ಮಾಡಿದರೆ ಅರ್ಥ ಬೇರೆ, 'ಉತ್ತರವನ್ನು ಮುಂದಿರುವ ಹೆಸರಿನ ಫೈಲಿಗೆ ಬರೆ' ಎಂದು. ಆ ಹೆಸರಿನ ಫೈಲ್ ಆಗಲೇ ಇದ್ದರೆ ಶೆಲ್ ಮೊದಲು ಅದನ್ನು ಖಾಲಿ ಮಾಡುತ್ತದೆ. ಯಂತ್ರದ ಬಾಯಲ್ಲಿ ಇದ್ದಾಗ ಮರ್ಯಾದೆಯ ಗುರುತಾಗಿದ್ದದ್ದು ಮನುಷ್ಯನ ಬಾಯಿಗೆ ಬಂದಾಗ ಕಡತ ಅಳಿಸುವ ಆಜ್ಞೆಯಾಗುತ್ತದೆ.

ಅಡಿಗೆರೆ ಅರ್ಥ ಬದಲಿಸಿದ್ದು

ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ದಿನಾಂಕ 1971ರ ನವೆಂಬರ್ 3. ಆ ಹೊತ್ತಿಗೆ ಯುನಿಕ್ಸ್‌ಗೆ ಅನ್ನ ಹಾಕುತ್ತಿದ್ದದ್ದೇ ದಾಖಲೆ ಸಿದ್ಧಪಡಿಸುವ ಕೆಲಸ. ಸಂಸ್ಥೆಯ ಪೇಟೆಂಟ್ ವಿಭಾಗದ ಅರ್ಜಿಗಳನ್ನು ಟೈಪ್ ಮಾಡಿ ಒಪ್ಪವಾಗಿ ಜೋಡಿಸಿ ಕೊಡುತ್ತೇವೆ ಎಂಬ ಆಧಾರದ ಮೇಲೆ ಅವರಿಗೆ ಪಿಡಿಪಿ-11 ಕಂಪ್ಯೂಟರ್ ದೊರಕಿತ್ತು. ರಾಫ್ ಎಂಬ ಪಠ್ಯ ಜೋಡಿಸುವ ಪ್ರೋಗ್ರಾಮ್ ಹಾಗೆ ಬೆಳೆಯಿತು, ಕೈಪಿಡಿಯೂ ಅದರಲ್ಲೇ ತಯಾರಾಯಿತು.

ಆ ಕೈಪಿಡಿಯ ಪ್ರತಿ ಪುಟಕ್ಕೂ ಒಂದೇ ಅಚ್ಚು. ಹೆಸರು, ಬಳಸುವ ರೀತಿಯ ಸಾರಾಂಶ, ವಿವರಣೆ, ಸಂಬಂಧಪಟ್ಟ ಫೈಲುಗಳು, ಇದನ್ನೂ ನೋಡಿ, ತಪ್ಪಿನ ಸಂದೇಶಗಳು, ದೋಷಗಳು, ಕೊನೆಗೆ ಆ ಪ್ರೋಗ್ರಾಮ್ ಯಾರ ಹೊಣೆ ಎಂಬುದು. ದೋಷಗಳಿಗೇ ಒಂದು ವಿಭಾಗ ಮೀಸಲಿಟ್ಟ ಈ ಪ್ರಾಮಾಣಿಕತೆಯನ್ನು ನಂತರದವರು ಬಹಳ ಹೊಗಳಿದ್ದಾರೆ. ಆದರೆ ಆ ಪಟ್ಟಿಯಲ್ಲಿ 'ಉದಾಹರಣೆ' ಎಂಬ ವಿಭಾಗವಿರಲಿಲ್ಲ. ಸಾರಾಂಶದ ಒಂದೆರಡು ಸಾಲುಗಳೇ ಉದಾಹರಣೆಯ ಕೆಲಸವನ್ನೂ ಮಾಡಬೇಕಿತ್ತು. ಅದಕ್ಕಾಗಿ ಪೀಠಿಕೆಯಲ್ಲಿ ಕೆಲವು ಒಪ್ಪಂದಗಳನ್ನು ಹೇಳಿದ್ದರು. ಅಡಿಗೆರೆ ಎಳೆದ ಪದವನ್ನು ಇದ್ದಂತೆಯೇ ಟೈಪ್ ಮಾಡಬೇಕು. [ ] ಒಳಗಿರುವುದು ಇದ್ದರೂ ಸರಿ, ಬಿಟ್ಟರೂ ಸರಿ. ಮೂರು ಚುಕ್ಕಿ ಬಂದರೆ ಹಿಂದಿನದನ್ನು ಎಷ್ಟು ಸಲವಾದರೂ ಬರೆಯಬಹುದು. ಅಡ್ಡಗೆರೆಯಿಂದ ಶುರುವಾಗುವ ಪದ ಆಯ್ಕೆಯ ಗುರುತು, ಆದ್ದರಿಂದ ಫೈಲಿನ ಹೆಸರು ಅಡ್ಡಗೆರೆಯಿಂದ ಶುರುವಾಗದಿದ್ದರೆ ಒಳ್ಳೆಯದು.

ಅಡಿಗೆರೆಯೇ ಏಕೆ? ಟೆಲಿಟೈಪ್ ಯಂತ್ರದಲ್ಲಿ ಬೇರೆ ದಾರಿ ಇರಲಿಲ್ಲ. ಒಂದು ಅಕ್ಷರ ಒತ್ತಿ, ಹಿಂದಕ್ಕೆ ಸರಿದು, ಅದರ ಕೆಳಗೆ ಗೆರೆ ಒತ್ತಬಹುದಿತ್ತು. ಮುಂದೆ 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ಗೆ ಗ್ರಾಫಿಕ್ ಸಿಸ್ಟಮ್ಸ್ ಕಂಪನಿಯ ಫೋಟೋ ಟೈಪ್‌ಸೆಟ್ಟರ್ ಬಂತು. ಜೋ ಒಸ್ಸಾನ ಅದಕ್ಕಾಗಿ ಟ್ರಾಫ್ ಬರೆದರು. ಆ ಯಂತ್ರದಲ್ಲಿ ಒಂದು ಹೊತ್ತಿಗೆ ಕೂರುತ್ತಿದ್ದದ್ದು ನಾಲ್ಕೇ ಅಕ್ಷರ ಮಾದರಿಗಳು. ವಾಡಿಕೆಯಂತೆ ಅವು ಸಾದಾ, ಓರೆ, ದಪ್ಪ ಮತ್ತು ಗಣಿತ ಚಿಹ್ನೆಗಳ ಒಂದು ಕಟ್ಟು. ಹೀಗೆ 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಇದ್ದಂತೆ ಟೈಪ್ ಮಾಡಬೇಕಾದದ್ದು ದಪ್ಪ ಅಕ್ಷರಕ್ಕೆ ಹೋಯಿತು. ಓದುಗ ತನ್ನದನ್ನು ತುಂಬಬೇಕಾದ ಪದಕ್ಕೆ ಕಾಲಕ್ರಮದಲ್ಲಿ ಓರೆ ಅಕ್ಷರ ನಿಂತಿತು. ಓರೆ ಅಕ್ಷರ ತೋರಿಸಲಾಗದ ಟರ್ಮಿನಲ್ ಅದನ್ನು ಅಡಿಗೆರೆಯಾಗಿ ತೋರಿಸುತ್ತದೆ. ಪರಿಣಾಮ ವಿಚಿತ್ರ. 1971ರಲ್ಲಿ ಅಡಿಗೆರೆ ಎಂದರೆ 'ಇದನ್ನೇ ಟೈಪ್ ಮಾಡಿ'. ಇಂದಿನ ಲಿನಕ್ಸ್ ಕೈಪಿಡಿಯಲ್ಲಿ ಅದೇ ಅಡಿಗೆರೆ ಎಂದರೆ 'ಇದನ್ನು ಟೈಪ್ ಮಾಡಬೇಡಿ, ಇದರ ಜಾಗದಲ್ಲಿ ನಿಮ್ಮದನ್ನು ಹಾಕಿ'. ಒಂದೇ ವಂಶದ ಕೈಪಿಡಿ, ಒಂದೇ ಗುರುತು, ಅರ್ಥ ಮಾತ್ರ ತಿರುಗುಮುರುಗು.

ಅಡ್ಡಗೆರೆಯ ಕಥೆ ಇನ್ನೂ ಮುಗಿದಿಲ್ಲ. ಪುಸ್ತಕ ಅಚ್ಚಿನವರ ಲೆಕ್ಕದಲ್ಲಿ ಪದಗಳನ್ನು ಕೂಡಿಸುವ ಗಿಡ್ಡ ಗೆರೆ ಬೇರೆ, ಕಳೆಯುವ ಚಿಹ್ನೆಯ ಉದ್ದ ಗೆರೆ ಬೇರೆ. ಟ್ರಾಫ್ ಎರಡಕ್ಕೂ ಬೇರೆ ಬೇರೆ ಸಂಕೇತ ಕೊಟ್ಟಿತ್ತು. ಕೈಪಿಡಿ ಬರೆದವರಲ್ಲಿ ಬಹಳ ಮಂದಿ ಅದನ್ನು ಲೆಕ್ಕಿಸದೆ ಕೀಲಿಮಣೆಯಲ್ಲಿದ್ದ ಗೆರೆಯನ್ನೇ ಒತ್ತುತ್ತ ಬಂದರು. ಕಾಗದದ ಮೇಲೆ ಕೆಲವು ಕೂದಲೆಳೆಯ ವ್ಯತ್ಯಾಸ, ಯಾರಿಗೂ ನಷ್ಟವಿರಲಿಲ್ಲ. ಯುನಿಕೋಡ್ ಬಂದ ಮೇಲೆ ಎರಡೂ ಬೇರೆ ಬೇರೆ ಅಕ್ಷರಗಳಾದವು. ಟ್ರಾಫ್‌ನ ಉತ್ತರಾಧಿಕಾರಿ ಗ್ರಾಫ್ ಕಟ್ಟುನಿಟ್ಟಾಗಿ ಗಿಡ್ಡ ಗೆರೆಯನ್ನೇ ತೋರಿಸಿದಾಗ, ಕೈಪಿಡಿಯಿಂದ ನಕಲು ಮಾಡಿದ ಕಮಾಂಡ್ ಓಡುವುದಿಲ್ಲ. ಕಣ್ಣಿಗೆ ಸರಿಯಾಗಿಯೇ ಇರುವ ಗೆರೆಯನ್ನು ಶೆಲ್ ಆಯ್ಕೆಯ ಗುರುತೆಂದು ಒಪ್ಪುವುದಿಲ್ಲ. 2023ರಲ್ಲಿ ಗ್ರಾಫ್‌ನ 1.23 ಆವೃತ್ತಿ ಬಂದಾಗ ಈ ಜಗಳ ಮತ್ತೆ ಎದ್ದಿತು. ಡೆಬಿಯನ್‌ನವರು ಕೈಪಿಡಿ ಪುಟಗಳ ಮಟ್ಟಿಗೆ ಕೀಲಿಮಣೆಯ ಗೆರೆಯನ್ನೇ ಉಳಿಸಿಕೊಂಡರು. ಅಚ್ಚಿನ ಸೊಗಸಿಗಿಂತ ನಕಲು ಮಾಡುವವನ ಅನುಕೂಲ ಮುಖ್ಯ ಎಂದು ತೀರ್ಮಾನವಾಯಿತು.

ಆಗ್ನೇಯದೊಳಗಿನ ಕಕಾರ

ಉಚ್ಚರಿಸಬೇಕಾದದ್ದು ಯಾವುದು, ಬರೀ ಗುರುತು ಯಾವುದು ಎಂಬ ಪ್ರಶ್ನೆಯನ್ನು ಕಂಪ್ಯೂಟರಿನವರು ಮೊದಲು ಕೇಳಿದವರಲ್ಲ. ಕ್ರಿಸ್ತಪೂರ್ವದ ಪಾಣಿನಿ ತನ್ನ ಅಷ್ಟಾಧ್ಯಾಯಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕಿದ್ದ. ಭಾಷೆಯ ಬಗ್ಗೆ ಭಾಷೆಯಲ್ಲೇ ಬರೆಯಬೇಕು. ವ್ಯಾಕರಣದಲ್ಲಿ 'ಅಗ್ನಿ' ಎಂದರೆ ಬೆಂಕಿಯೇ ಅಥವಾ ಆ ಶಬ್ದವೇ? ಒಂದು ಸೂತ್ರದಲ್ಲಿ ಅವನು ನಿಯಮ ಮಾಡಿಟ್ಟ. ವ್ಯಾಕರಣದಲ್ಲಿ ಬಂದ ಶಬ್ದ ತನ್ನ ರೂಪವನ್ನೇ ಹೇಳುತ್ತದೆ, ತನ್ನ ಅರ್ಥವನ್ನಲ್ಲ. ಪಾರಿಭಾಷಿಕ ಪದಗಳಿಗೆ ಮಾತ್ರ ವಿನಾಯಿತಿ. ಎಂದರೆ ಅಗ್ನಿ ಶಬ್ದಕ್ಕೆ ಇಂಥ ಪ್ರತ್ಯಯ ಎಂದಾಗ 'ವಹ್ನಿ', 'ಪಾವಕ' ಎಂಬ ಪರ್ಯಾಯ ಪದಗಳಿಗೆ ಅದು ಹತ್ತುವುದಿಲ್ಲ. ಇದ್ದಂತೆಯೇ ಟೈಪ್ ಮಾಡಬೇಕಾದದ್ದು, ಬದಲಿಸಬೇಕಾದದ್ದು ಎಂಬ ಕೈಪಿಡಿಯ ವಿಂಗಡಣೆಯೂ ಹೆಚ್ಚುಕಡಿಮೆ ಇದೇ.

ಎರಡನೆಯದು ಇತ್ ಎಂಬ ಗುರುತುಗಳು. ಅಗ್ನಿ ಶಬ್ದಕ್ಕೆ ಪಾಣಿನಿ ಹೇಳುವ ಪ್ರತ್ಯಯ 'ಢಕ್'. ಅದು ಸೇರಿದಾಗ ಸಿಗುವುದು ಕನ್ನಡಿಗರಿಗೂ ಗೊತ್ತಿರುವ 'ಆಗ್ನೇಯ'. ಇದರಲ್ಲಿ ಕಕಾರ ಎಲ್ಲಿ ಹೋಯಿತು? ಅದು ಪ್ರತ್ಯಯದ ಭಾಗವೇ ಅಲ್ಲ. ಮೊದಲ ಸ್ವರವನ್ನು ದೀರ್ಘ ಮಾಡು ಎಂದು ಓದುಗನಿಗೆ ಕೊಟ್ಟ ಸೂಚನೆ ಅದು. ಸೂಚನೆ ಕೊಟ್ಟ ಮೇಲೆ ಲೋಪವಾಗುತ್ತದೆ. ಢಕಾರದ ಜಾಗದಲ್ಲಿ ಏಯ್ ಬರುತ್ತದೆ ಎಂಬುದಕ್ಕೆ ಇನ್ನೊಂದು ಸೂತ್ರವಿದೆ. ಪುಟದಲ್ಲಿರುವ, ಆದರೆ ಬಾಯಿಂದ ಬರಬಾರದ ಆ ಕಕಾರ ಕೈಪಿಡಿಯ $ ಚಿಹ್ನೆಯ ಹಿರಿಯಣ್ಣ.

ಪಾಣಿನಿ ಎಲ್ಲ ಗುರುತುಗಳನ್ನೂ ಅಕ್ಷರಗಳಲ್ಲಿ ಇಡಲಿಲ್ಲ. ಕೆಲವು ಸ್ವರಗಳು ಗುರುತು ಎಂದು ತಿಳಿಸಲು ಅವನ್ನು ಮೂಗಿನಿಂದ ಉಚ್ಚರಿಸುವ ವ್ಯವಸ್ಥೆ ಮಾಡಿದ್ದ. ಬಾಯಿಪಾಠದ ಕಾಲಕ್ಕೆ ಅದು ಸಾಕಾಗಿತ್ತು. ಅಷ್ಟಾಧ್ಯಾಯಿ ಬರವಣಿಗೆಗೆ ಬಂದು, ಪ್ರತಿಯಿಂದ ಪ್ರತಿಗೆ ದಾಟುತ್ತ ಹೋದಾಗ ಮೂಗಿನ ಉಚ್ಚಾರ ಉಳಿಯಲಿಲ್ಲ. ಯಾವ ಸ್ವರ ಗುರುತು, ಯಾವುದು ನಿಜವಾದ ಸ್ವರ ಎಂಬುದನ್ನು ಇವತ್ತು ಸಂಪ್ರದಾಯದ ಮಾತಿನ ಮೇಲೆ ಒಪ್ಪಿಕೊಳ್ಳಬೇಕಾಗಿದೆ. ಅಕ್ಷರದಲ್ಲಿಟ್ಟ ಕಕಾರ ಉಳಿಯಿತು, ದನಿಯಲ್ಲಿಟ್ಟ ಗುರುತು ಅಳಿಯಿತು.

ಆಧುನಿಕರು ಈ ದಾರಿಗೆ ತಮ್ಮದೇ ಕಾರಣಗಳಿಂದ ಬಂದರು. 1960ರ ಕೋಬಾಲ್ ಭಾಷೆಯ ವಿವರಣೆಯಲ್ಲಿ ದೊಡ್ಡಕ್ಷರದ ಪದ ಇದ್ದಂತೆ ಬರೆಯತಕ್ಕದ್ದು, ಸಣ್ಣಕ್ಷರದ ಪದ ಬದಲಿಸತಕ್ಕದ್ದು, ಆವರಣದೊಳಗಿನದು ಐಚ್ಛಿಕ. ಅದೇ ವರ್ಷ ಪೀಟರ್ ನೌರ್ ಸಂಪಾದಿಸಿದ ಆಲ್ಗಾಲ್ ವರದಿಯಲ್ಲಿ ಜಾನ್ ಬಾಕಸ್ ರೂಪಿಸಿದ್ದ ಬರೆಹದ ಪದ್ಧತಿ ಬಂತು, ಬದಲಿಸಬೇಕಾದದ್ದು < > ನಡುವೆ. 1967ರಲ್ಲಿ ಪೀಟರ್ ಇಂಗರ್‌ಮನ್ ಕಂಪ್ಯೂಟರ್ ಪತ್ರಿಕೆಯೊಂದಕ್ಕೆ ಸಣ್ಣ ಪತ್ರ ಬರೆದು, ಇಂಥದ್ದನ್ನು ಪಾಣಿನಿ ಮೊದಲೇ ಮಾಡಿದ್ದರಿಂದ ಇದನ್ನು ಪಾಣಿನಿ-ಬಾಕಸ್ ರೂಪ ಎನ್ನೋಣ ಎಂದು ಸೂಚಿಸಿದ. ಹೆಸರು ನಿಲ್ಲಲಿಲ್ಲ. ಸಾಮ್ಯವನ್ನು ಅತಿ ಮಾಡಬೇಕಾಗಿಯೂ ಇಲ್ಲ. ಇಬ್ಬರಿಗೂ ಎದುರಾದ ಕಷ್ಟ ಒಂದೇ ಆಗಿತ್ತು, ಅಷ್ಟೆ.

ಸೂತ್ರ, ವೃತ್ತಿ, ಪ್ರಯೋಗ

ಕನ್ನಡಕ್ಕೆ ಈ ವಿಷಯದಲ್ಲಿ ತನ್ನದೇ ಪರಂಪರೆಯಿದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ನಿಯಮ ಕಂದಪದ್ಯದಲ್ಲಿ ಬರುತ್ತದೆ. ಅದರ ಬೆನ್ನಿಗೆ ಗದ್ಯದಲ್ಲಿ ವೃತ್ತಿ, ಆಮೇಲೆ ಪ್ರಯೋಗ, ಎಂದರೆ ಕವಿಗಳ ಬಳಕೆಯಿಂದ ಎತ್ತಿದ ಉದಾಹರಣೆಗಳು. ಬೆಲ್ ಲ್ಯಾಬ್ಸ್‌ನವರ ಸಾರಾಂಶ ಮತ್ತು ವಿವರಣೆಗೆ ಇದು ಸಮವೆನ್ನಬಹುದು. ವ್ಯತ್ಯಾಸವೆಂದರೆ ಕೇಶಿರಾಜ ಪ್ರಯೋಗವನ್ನು ಬಿಡಲಿಲ್ಲ. 1604ರಲ್ಲಿ ಭಟ್ಟಾಕಳಂಕದೇವ ಸಂಸ್ಕೃತದಲ್ಲಿ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನ ಬರೆದಾಗಲೂ ಸೂತ್ರಕ್ಕೆ ವೃತ್ತಿ, ವ್ಯಾಖ್ಯಾನಗಳನ್ನು ತಾನೇ ಸೇರಿಸಿದ.

ಓಲೆಗರಿಯಲ್ಲಿ ದಪ್ಪ ಅಕ್ಷರವಿಲ್ಲ, ಓರೆ ಅಕ್ಷರವಿಲ್ಲ, ಪದಗಳ ನಡುವೆ ಜಾಗವೂ ಇಲ್ಲ. ನಿಯಮ ಎಲ್ಲಿ ಮುಗಿಯಿತು, ಉದಾಹರಣೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದು ಹೇಗೆ? ಛಂದಸ್ಸಿನಿಂದ ತಿಳಿಯುತ್ತದೆ. 'ವೃತ್ತಿ', 'ಪ್ರಯೋಗ' ಎಂಬ ಹಣೆಪಟ್ಟಿಗಳಿಂದ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಭಾಷೆಯೊಳಗೇ ಇರುವ ಒಂದು ಪದದಿಂದ ತಿಳಿಯುತ್ತದೆ. ಸಂಸ್ಕೃತದಲ್ಲಿ ಅದು 'ಇತಿ', ಕನ್ನಡದಲ್ಲಿ 'ಎಂದು', 'ಎಂಬ'. ಹಿಂದಿನದು ಇನ್ನೊಬ್ಬರ ಮಾತು ಅಥವಾ ಒಂದು ಹೆಸರು, ಅದನ್ನು ಹಾಗೆಯೇ ತೆಗೆದುಕೊಳ್ಳಿ ಎಂದು 'ಎಂಬ' ಹೇಳುತ್ತದೆ. ಇಂಗ್ಲಿಷ್ ಬರೆಹ ಉದ್ಧರಣ ಚಿಹ್ನೆಯಿಂದ ಮಾಡುವ ಕೆಲಸವನ್ನು ಕನ್ನಡ ಬಾಯಿಮಾತಿನಲ್ಲೇ ಮಾಡುತ್ತದೆ. ಎಷ್ಟು ಸಲ ಪ್ರತಿ ಮಾಡಿದರೂ ಅದು ಕಳೆದುಹೋಗುವುದಿಲ್ಲ.

ಬೂದು ಪೆಟ್ಟಿಗೆಯೊಳಗೆ

ಕಂಪ್ಯೂಟರ್ ಲೋಕ 1980ರ ದಶಕದಿಂದ ಇನ್ನೊಂದು ಹೆಜ್ಜೆ ಇಟ್ಟಿತ್ತು. ಗ್ನೂ ಯೋಜನೆಯ ಟೆಕ್ಸ್‌ಇನ್ಫೋ 'ಇದನ್ನು ದಪ್ಪ ಮಾಡು' ಎನ್ನುವ ಬದಲು 'ಇದು ಓದುಗ ಟೈಪ್ ಮಾಡುವುದು', 'ಇದು ಬದಲಿಸಬೇಕಾದದ್ದು' ಎಂದು ಅರ್ಥವನ್ನೇ ಗುರುತು ಮಾಡಲು ಲೇಖಕರಿಗೆ ಕಲಿಸಿತು. ರೂಪ ಹೇಗಿರಬೇಕೆಂಬುದನ್ನು ಯಂತ್ರ ಆಮೇಲೆ ನಿರ್ಧರಿಸುತ್ತದೆ. 1990ರ ದಶಕದ ಡಾಕ್‌ಬುಕ್‌ನಲ್ಲಿ ಪ್ರಾಂಪ್ಟ್, ಬಳಕೆದಾರನ ಮಾತು, ಯಂತ್ರದ ಉತ್ತರ ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು. 1995ರ ಎಚ್‌ಟಿಎಂಎಲ್ 2.0ದಲ್ಲಿಯೂ ಕೀಲಿಮಣೆಯಿಂದ ಬಂದದ್ದಕ್ಕೆ ಒಂದು, ಯಂತ್ರದ ಉತ್ತರದ ಮಾದರಿಗೆ ಒಂದು, ಬದಲಾಗುವ ಪದಕ್ಕೆ ಒಂದು. ಮೂರು ದನಿಗಳೂ ಕೊನೆಗೆ ಬೇರೆಯಾದವು ಎನ್ನಿಸಿತ್ತು.

2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಹೊರತಂದ. ಬರೆಯಲು ಬಲು ಸುಲಭ, ಎಲ್ಲೆಡೆ ಹರಡಿತು. ಆದರೆ ಅದರಲ್ಲಿ ಇವಕ್ಕೆಲ್ಲ ಒಂದೇ ಗುರುತು, 'ಇದು ಕೋಡ್'. ಪ್ರಾಂಪ್ಟ್, ಕಮಾಂಡ್, ಉತ್ತರ ಎಲ್ಲವೂ ಒಂದೇ ಬೂದು ಪೆಟ್ಟಿಗೆಯೊಳಗೆ, ಒಂದೇ ಅಗಲದ ಅಕ್ಷರಗಳಲ್ಲಿ. ಪೆಟ್ಟಿಗೆಯ ಮೂಲೆಯಲ್ಲಿ ನಕಲು ಮಾಡುವ ಗುಂಡಿ. ಈಗ ಕೈಪಿಡಿಕಾರರಲ್ಲಿ ಎರಡು ಪಂಥ. ನಕಲಿಗೆ ಅನುಕೂಲವಾಗಲಿ, $ ಬರೆಯಬೇಡಿ ಎನ್ನುವವರು ಒಂದು ಕಡೆ. $ ಇಲ್ಲದಿದ್ದರೆ ಕಮಾಂಡ್ ಯಾವುದು, ಉತ್ತರ ಯಾವುದು ತಿಳಿಯದು ಎನ್ನುವವರು ಇನ್ನೊಂದು ಕಡೆ. ಎರಡೂ ಸರಿ. ತಪ್ಪಾಗುವುದು ಒಂದೇ ಕೈಪಿಡಿಯಲ್ಲಿ ಎರಡನ್ನೂ ಬೆರೆಸಿದಾಗ. ಮೂರನೆಯ ಪುಟದಲ್ಲಿ $ ಇಲ್ಲದ ಉದಾಹರಣೆ ನೋಡಿ ಪೂರ್ತಿ ನಕಲು ಮಾಡಿ ಗೆದ್ದವನು ಒಂಬತ್ತನೆಯ ಪುಟದ > ಚಿಹ್ನೆಯನ್ನೂ ಅದೇ ನಂಬಿಕೆಯಿಂದ ನಕಲು ಮಾಡುತ್ತಾನೆ.

ಇದನ್ನು ಕನ್ನಡಕ್ಕೆ ತರುವವರ ಕಷ್ಟ ಇನ್ನೂ ಒಂದು ಸುತ್ತು ಹೆಚ್ಚು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ, ಹಾಗಾಗಿ ಕೋಬಾಲ್ ದಾರಿ ಮುಚ್ಚಿತು. ಕನ್ನಡ ಅಚ್ಚಿನಲ್ಲಿ ಓರೆ ಅಕ್ಷರ ಬೇರೂರಲಿಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಎಂಬುದು ಒತ್ತಕ್ಷರದ ಲಿಪಿಗೆ ಹೊಂದುವುದಿಲ್ಲ. 'ರಾಷ್ಟ್ರ' ಎಂಬ ಪದದ ಒತ್ತುಗಳು ಕೆಳಗಿಳಿಯಲು ಟರ್ಮಿನಲ್‌ನ ಚೌಕಗಳಲ್ಲಿ ಜಾಗವೇ ಇಲ್ಲ. ಕೋಪರಖೈರಣೆಯಿಂದ ದಕ್ಷಿಣಕ್ಕೆ ಕೆಲವೇ ನಿಲ್ದಾಣಗಳಾಚೆ, ಬೇಲಾಪುರ–ಖಾರ್ಘರ್ ಅಂಚಿನಲ್ಲಿದ್ದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಈ ಶತಮಾನದ ಆರಂಭದಲ್ಲಿ ಇಂಡಿಕ್ಸ್ ಎಂಬ ಯೋಜನೆ ನಡೆಸಿತು. ಲಿನಕ್ಸ್‌ನ ಚಿತ್ರರೂಪದ ಪರದೆಯಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಮೂಡುವಂತೆ ಮಾಡುವುದು ಅದರ ಗುರಿ. ಆ ಕೇಂದ್ರ ನಂತರ ಸಿ-ಡ್ಯಾಕ್‌ನಲ್ಲಿ ಸೇರಿಹೋಯಿತು. ಕಿಟಕಿ, ಮೆನುಗಳಲ್ಲಿ ಭಾರತೀಯ ಲಿಪಿಗಳು ಇಂದು ನೆಲೆಯಾಗಿವೆ. ಚಿತ್ರವಿಲ್ಲದ ಕಪ್ಪು ಕನ್ಸೋಲ್‌ನಲ್ಲಿ ಇನ್ನೂ ಆಗಿಲ್ಲ.

ಅದಕ್ಕಿಂತ ದೊಡ್ಡದು ವಿಭಕ್ತಿಯ ಕಾಟ. ಇಂಗ್ಲಿಷಿನಲ್ಲಿ ಕಮಾಂಡಿನ ಹೆಸರು ವಾಕ್ಯದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಅದಕ್ಕೆ 'ಅನ್ನು', 'ಇಗೆ', 'ಇಂದ' ಅಂಟಿಕೊಳ್ಳಬೇಕು. ಅಂಟಿಕೊಂಡರೆ ಕಮಾಂಡ್ ಎಲ್ಲಿ ಮುಗಿಯಿತು? ಪ್ರೋಗ್ರಾಮಿನ ಸಂದೇಶಗಳಲ್ಲಿ ಪರಿಸ್ಥಿತಿ ಮತ್ತೂ ಬಿಗಿ. 1990ರ ದಶಕದಲ್ಲಿ ಬಂದ ಗ್ನೂ ಗೆಟ್‌ಟೆಕ್ಸ್ಟ್ ಪದ್ಧತಿಯಲ್ಲಿ ಅನುವಾದಕರಿಗೆ ಸಿಗುವುದು ನಡುವೆ ಒಂದು ತೂತು ಇರುವ ವಾಕ್ಯ. ಆ ತೂತಿಗೆ ಯಂತ್ರ ಆಮೇಲೆ ಫೈಲಿನ ಹೆಸರು ತುಂಬುತ್ತದೆ. ಹೆಸರು 'ಮರ' ಆದರೆ ಮರವನ್ನು, 'ಮನೆ' ಆದರೆ ಮನೆಯನ್ನು, 'ರಾಮ' ಆದರೆ ರಾಮನನ್ನು. ಯಾವ ಹೆಸರು ಬರುತ್ತದೆಂದು ಅನುವಾದಕರಿಗೆ ಗೊತ್ತಿಲ್ಲ, ಸಂಧಿ ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಹೆಸರಿನ ಪಕ್ಕದಲ್ಲಿ ಜಾಗ ಬಿಟ್ಟು 'ಅನ್ನು' ಎಂದು ಒಂಟಿ ಕಾಲಲ್ಲಿ ನಿಲ್ಲಿಸುವುದು ರೂಢಿಯಾಯಿತು. ಫೋನಿನಲ್ಲಿ ಕನ್ನಡ ಇಟ್ಟುಕೊಂಡವರೆಲ್ಲ ಆ ಒಂಟಿ 'ಅನ್ನು'ವನ್ನು ದಿನಾ ನೋಡುತ್ತಾರೆ.

ಮದ್ದು ಹಳೆಯ ಪದದಲ್ಲೇ ಇದೆ. 'ಎಲ್‌ಎಸ್‌ಅನ್ನು ಬಳಸಿ' ಎನ್ನುವ ಬದಲು 'ಎಲ್‌ಎಸ್ ಎಂಬ ಕಮಾಂಡನ್ನು ಬಳಸಿ'. 'ಮನೆ ಎಂಬ ಫೈಲನ್ನು ತೆರೆಯಲಾಗಲಿಲ್ಲ'. ವಿಭಕ್ತಿ ಹೋಗಿ ಸಾಮಾನ್ಯ ನಾಮಪದಕ್ಕೆ ಅಂಟುತ್ತದೆ, ಟೈಪ್ ಮಾಡಬೇಕಾದ ಹೆಸರು ಮುಕ್ಕಾಗುವುದಿಲ್ಲ, ಸಂಧಿಯ ಚಿಂತೆಯಿಲ್ಲ. ಒಂದೆರಡು ಪದ ಹೆಚ್ಚಾಗುತ್ತದೆ, ಅಷ್ಟೆ.

ಇನ್ನೊಂದು ಅನುಕೂಲ ಕನ್ನಡದ ಪುಟಕ್ಕೆ ತಾನಾಗಿ ಒದಗಿದೆ. ಅಲ್ಲಿ ಎರಡು ಲಿಪಿಗಳಿವೆ. ಕಮಾಂಡುಗಳು ರೋಮನ್‌ನಲ್ಲಿಯೇ ಉಳಿಯುತ್ತವೆ. ಓದುಗ ತುಂಬಬೇಕಾದ ಜಾಗದ ಪದವನ್ನು, 'ಫೈಲಿನ ಹೆಸರು', 'ನಿಮ್ಮ ಫೋಲ್ಡರ್' ಎಂದು ಕನ್ನಡದಲ್ಲಿ ಬರೆದರೆ ಲಿಪಿಯೇ ಗುರುತಾಗುತ್ತದೆ. ರೋಮನ್‌ನಲ್ಲಿದ್ದದ್ದು ಇದ್ದಂತೆ, ಕನ್ನಡದಲ್ಲಿದ್ದದ್ದು ಬದಲಿಸಿ. ದಪ್ಪ ಅಕ್ಷರ, ಬೂದು ಬಣ್ಣಗಳು ನಕಲು ಮಾಡಿದೊಡನೆ ಉದುರಿಹೋಗುತ್ತವೆ. ಲಿಪಿ ಉದುರುವುದಿಲ್ಲ, ಅದು ಪಾಣಿನಿಯ ಕಕಾರದ ಹಾಗೆ ಅಕ್ಷರದಲ್ಲೇ ಇದೆ. ಫೈಲಿಗೆ ನಿಜವಾಗಿಯೂ ಕನ್ನಡದಲ್ಲಿ ಹೆಸರಿಟ್ಟ ಉದಾಹರಣೆ ಬಂದಾಗ ಮಾತ್ರ ಈ ನಿಯಮಕ್ಕೆ ಉದ್ಧರಣ ಚಿಹ್ನೆಯ ಆಸರೆ ಬೇಕಾಗುತ್ತದೆ.

ಇದಕ್ಕೆ ಹೊಸ ತಂತ್ರಾಂಶವೇನೂ ಬೇಡ. ಬೇಕಾದದ್ದು 1971ರ ಕೈಪಿಡಿ ಮಾಡಿದಂತೆ ಮೊದಲ ಪುಟದಲ್ಲಿ ನಾಲ್ಕು ಸಾಲಿನ ಒಪ್ಪಂದ, ಮತ್ತು ಕೊನೆಯ ಪುಟದವರೆಗೂ ಅದನ್ನು ಮುರಿಯದಿರುವುದು. ಆ ನಾಲ್ಕು ಸಾಲಿನಲ್ಲಿ ಒಂದು ಊರುಗಳ ಹೆಸರಿಗೂ ಇರಲಿ. ನಡುವೆ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಇಲ್ಲದಿದ್ದರೆ ಕೋಪರ್ ಒಂದು ಕಡೆ, ಖೈರಣೆ ಇನ್ನೊಂದು ಕಡೆ.